ಮನೆ ಬೆಳಗಿದ ಜೀಪು

ಅಣೆಕಟ್ಟೆಯ ಪಕ್ಕದ ಬೆಳಗೊಳದಲ್ಲಿದ್ದುಕೊಂಡು ನಿಮಗೆಂಥ ಕರೆಂಟಿನ ಬರ ಎಂದು ತವರಿನವರು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಲೋಡ್ ಶೆಡ್ಡಿಂಗ್ ನಮ್ಮ ಮನೆಗೆ ಸಂಜೆಯ ನೆಂಟ. ಅದಕ್ಕಿಂತ ಹೆಚ್ಚು ಉರಿಸುತ್ತಿದ್ದವರು ನಮ್ಮ ಯಜಮಾನರು. ಹಾಲಿನ ಕ್ಯಾನು ಸಾಗಿಸುವ ಹಳೆಯ ಡೀಸೆಲ್ ಜೀಪನ್ನು ಕಿಟಕಿಗೆ ಒತ್ತಿ ನಿಲ್ಲಿಸಿ, ಅದರ ಬ್ಯಾಟರಿಯಿಂದ ಒಳಕ್ಕೆ ವೈರು ಎಳೆದು, ನಡುಮನೆಗೆ ದೀಪ, ಅಡುಗೆಮನೆಗೆ ದೀಪ, ಸಾಲದ್ದಕ್ಕೆ ಪುಟ್ಟ ಕಪ್ಪು ಬಿಳುಪು ಟೀವಿ! ಹಗಲು ಓಡಿದಾಗ ತುಂಬಿಕೊಂಡದ್ದನ್ನು ಸಂಜೆ ಮನೆಗೆ ಕೊಡಬೇಕು ಎಂಬುದು ಅವರ ಸಿದ್ಧಾಂತ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಪಾಠ ಹೇಳಿ ನಾನು ಮನೆಗೆ ಬಂದರೆ, ಅದು ಅಕ್ಕಪಕ್ಕದವರ ರೂಪ ತಾಳಿ ನಡುಮನೆ ತುಂಬ ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಿತ್ತು.

"ರೀ, ಗಾಡಿಗೂ ಒಂಚೂರು ಉಳಿಸ್ರೀ," ಎಂದರೆ, "ಸುಮ್ಕಿರು, ಬೆಳಿಗ್ಗೆ ತಳ್ಳುದ್ರಾಯ್ತು," ಎನ್ನುತ್ತಿದ್ದರು.

ಒಂದು ಭಾನುವಾರದ ಸಂಜೆ. ಚೊಚ್ಚಲ ಹೆರಿಗೆಗೆಂದು ಬಂದಿದ್ದ ನಾದಿನಿ ಸುಜಾತ ಗೋಡೆಗೊರಗಿ ಕೂತಿದ್ದಳು. ಟೀವಿಯಲ್ಲಿ ಸಿನಿಮಾ. ಬ್ಯಾಟರಿ ಸೋತು, ನಾಯಕ ನಾಯಕಿ ಇಬ್ಬರೂ ಬೆಂಕಿಪೊಟ್ಟಣದಷ್ಟಾಗಿ ಕುಗ್ಗಿ ಮಾಯವಾದರು. "ಅಯ್ಯೋ!" ಎಂದು ಎಲ್ಲರೂ ಉದ್ಗರಿಸಿದರು. ಆದರೆ ಸುಜಾತಳ "ಅಯ್ಯೋ" ನಿಲ್ಲಲಿಲ್ಲ. ನೋವು ಶುರುವಾಗಿತ್ತು.

ಅವಳನ್ನು ಜೀಪಿಗೆ ಹತ್ತಿಸಿದೆವು. ಯಜಮಾನರು ಕೀಲಿ ತಿರುಗಿಸಿದರು. ಕಟ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದರು. ಅದೂ ಇಲ್ಲ. ಸುಜಾತ ನನ್ನ ಕೈಯನ್ನು ಮುರಿಯುವಂತೆ ಹಿಡಿದಿದ್ದಳು. ವರ್ಷವೆಲ್ಲ ಕೂಡಿಟ್ಟಿದ್ದ ಬೈಗುಳ ಗಂಟಲಿಗೆ ಬಂತು. ಗಂಡನ ಬಿಳಿಚಿದ ಮುಖ ನೋಡಿ ನುಂಗಿಕೊಂಡೆ.

ನಮ್ಮತ್ತೆ ನುಂಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಪ್ರೇಕ್ಷಕರತ್ತ ತಿರುಗಿ, "ಪಿಚ್ಚರ್ ನೋಡಿದ್ದು ಸಾಕು, ತಳ್ರಲಾ! ಏನ್ ಅಂಗ್ ನಿಂತ್ಬುಟ್ರಿ?" ಎಂದು ಗುಡುಗಿದರು.

ಗಂಡಸರು ಪಂಚೆ ಎತ್ತಿ ಕಟ್ಟಿದರು, ಹೆಂಗಸರು ಸೆರಗು ಸಿಕ್ಕಿಸಿದರು. "ಇನ್ನೊಸಿ, ಇನ್ನೊಸಿ ಕಣ್ಲಾ!" ಎನ್ನುತ್ತ ಬೀದಿಯುದ್ದಕ್ಕೂ ತಳ್ಳಿದರು. ಇಳಿಜಾರಿನಲ್ಲಿ ಜೀಪು ಒಮ್ಮೆ ಕೆಮ್ಮಿ ಹೊಗೆ ಉಗುಳಿ ಹೊರಟೇಬಿಟ್ಟಿತು. ಶ್ರೀರಂಗಪಟ್ಟಣದ ಆಸ್ಪತ್ರೆ ಮುಟ್ಟಿದ ಮೇಲೂ ಯಜಮಾನರು ಎಂಜಿನ್ ಆರಿಸಲಿಲ್ಲ, ಧೈರ್ಯವಿರಲಿಲ್ಲ. ಸುಜಾತಳಿಗೆ ಹೆಣ್ಣು ಮಗುವಾಯಿತು. ಇಬ್ಬರೂ ಕ್ಷೇಮ.

ಮರುದಿನ ವಾರ್ಡಿನಲ್ಲಿ ನಾನು ನುಂಗಿದ್ದನ್ನೆಲ್ಲ ಹೊರಹಾಕಿದೆ. ಟೀವಿ, ದೀಪ, ವೈರು, ಸಿದ್ಧಾಂತ, ಯಾವುದನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಅಂದರು:

"ಎಲ್ಲಾ ಸರಿ ಕಣೆ. ಆದ್ರೆ ಟೀವಿ ಆಕ್ದೆ ಇದ್ದಿದ್ರೆ, ತಳ್ಳಕ್ಕೆ ಅಷ್ಟು ಜನ ಎಲ್ಲಿಂದ ಬರೋರು?"

ಬ್ಯಾಟರಿ ಚೆನ್ನಾಗಿದ್ದಿದ್ದರೆ ತಳ್ಳುವ ಮಾತೇ ಇರುತ್ತಿರಲಿಲ್ಲವಲ್ಲ ಎಂದು ಕೂಗಲು ಬಾಯಿ ತೆರೆದೆ. ಮಗು ಆಗತಾನೇ ನಿದ್ದೆ ಹೋಗಿತ್ತು. ಮುಚ್ಚಿಕೊಂಡೆ.