ಚಿತ್ರಮಂದಿರದ ಹಿತ್ತಾಳೆ ಕಂಬಿ

ಆ ಹಳೆಯ ಚಿತ್ರಮಂದಿರ ಕಟ್ಟಿದವರಿಗೆ ಮೂಲೆಗಳನ್ನು ಕಂಡರೆ ಆಗುತ್ತಿರಲಿಲ್ಲವೇನೋ. ಗೋಡೆ ದುಂಡಗೆ ತಿರುಗುತ್ತಿತ್ತು. ಕಿಟಕಿಗಳು ಹಡಗಿನವುಗಳಂತೆ ಗುಂಡಗಿದ್ದವು. ಚಾವಣಿಯ ಗಾರೆಯಲ್ಲಿ ಸೂರ್ಯನ ಕಿರಣಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಆದರೂ ಒಳಗೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಬಾಲ್ಕನಿ ಮೆಟ್ಟಿಲ ಪಕ್ಕದ ಹಿತ್ತಾಳೆ ಕಂಬಿಗೆ. ಮೂರು ಸಾಲಿನ ಆ ಕಂಬಿ ನೀರು ಹರಿದಂತೆ ಬಳುಕಿ ಕೆಳಗಿಳಿಯುತ್ತಿತ್ತು.

ಅದನ್ನು ಬೆಳಗುತ್ತಿದ್ದವಳು ಅಲ್ಲಿನ ಕೆಲಸದ ಇಬ್ಬರು ಓರಗಿತ್ತಿಯರಲ್ಲಿ ದೊಡ್ಡವಳು. ಮದುವೆಯಾದ ವರ್ಷದಿಂದ ಅದೇ ಕೆಲಸ. ಭುಜ ಹಿಡಿದುಕೊಂಡು ಕೈ ಮೇಲೇಳದಾದಾಗ, ಮ್ಯಾನೇಜರಿಗೆ ಹೇಳಿ ಮೈದುನನ ಹೆಂಡತಿಯನ್ನು ಅವಳೇ ಕೆಲಸಕ್ಕೆ ಸೇರಿಸಿದಳು. ಕಂಬಿ ಚಿಕ್ಕವಳಿಗೆ ಹೋಯಿತು. ಉದ್ದ ಕೋಲು ಹಿಡಿದು ನೆಲ ಒರೆಸುವುದು ದೊಡ್ಡವಳ ಪಾಲಿಗೆ ಬಂತು.

ಭುಜ ವಾಸಿಯಾಯಿತು. ಹೊಟ್ಟೆಯುರಿ ಶುರುವಾಯಿತು.

ನೆಲವೂ ಚೆಂದದ್ದೇ, ಕಪ್ಪು ಕಲ್ಲುಚೂರಿನ ನಡುವೆ ಮಿಂಚಿನಂಥ ಬಿಳಿಗೆರೆಗಳು. ಆದರೆ ಮೆಟ್ಟಿಲಿಳಿಯುವ ಹೆಂಗಸರು ಕಂಬಿ ಸವರಿ, "ಎಷ್ಟು ನಯವಾಗಿದೆ ನೋಡೇ" ಎನ್ನುವಾಗ ಚಿಕ್ಕವಳು ನಗುತ್ತಿದ್ದಳಲ್ಲ, ಆ ನಗು ದೊಡ್ಡವಳಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು.

"ಸಂದೀಲಿ ಪಾಲಿಶ್ ಒಣಗಿ ಬೆಳ್ಳಗಾಗಿದೆ. ಕಣ್ಣೆಲ್ಲಿಟ್ಟಿದ್ದೀಯೆ?"

"ತಿಕ್ತೀನಿ ಬಿಡಕ್ಕ."

"ತಿಕ್ಕೋಕೆ ಅದೇನು ಸೀದ ಪಾತ್ರೆನಾ?"

ಒಂದು ದಿನ ಮ್ಯಾನೇಜರು ದೊಡ್ಡವಳನ್ನು ಕರೆದರು. "ಕಂಬಿಗೆ ವಾರ್ನಿಶ್ ಹೊಡೆಸೋಣ ಅಂತಾರಮ್ಮ ಮಾಲೀಕರು. ಆಮೇಲೆ ಬೆಳಗೋ ಗೋಜೇ ಇರಲ್ಲ. ನೀವು ಹಳಬರು. ಬೇಡ ಅಂದ್ರೆ ಬಿಟ್ಟುಬಿಡ್ತೀವಿ."

ವಾರ್ನಿಶ್ ಬಿದ್ದರೆ ಹಿತ್ತಾಳೆಯ ಕಳೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. 'ನನ್ನ ಭುಜ ಸರಿಹೋಗಿದೆ, ಕಂಬಿ ನನಗೇ ಕೊಡಿ' ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಚಿಕ್ಕವಳಿಗೆ, "ನಿನ್ನ ಕೈಯಲ್ಲಿ ಜಾದೂ ಇದೆ ಕಣಮ್ಮ" ಎಂದದ್ದು ಕೇಳಿಸಿತು.

"ಹೊಡೆಸಿಬಿಡಿ ಸಾರ್," ಎಂದಳು ದೊಡ್ಡವಳು.

ಹೊಡೆಸಿದರು. ಬಂಗಾರದಂತಿದ್ದ ಕಂಬಿ ಜಿಡ್ಡು ಮೆತ್ತಿದಂತೆ ಮಂಕಾಯಿತು. ಚಿಕ್ಕವಳು ಅತ್ತೇ ಅಳುತ್ತಾಳೆಂದು ದೊಡ್ಡವಳು ಕಾದಳು. ಸಮಾಧಾನದ ಮಾತುಗಳನ್ನೂ ಹೊಂದಿಸಿಟ್ಟುಕೊಂಡಿದ್ದಳು.

ಚಿಕ್ಕವಳು ತಾನೂ ಒಂದು ಕೋಲು ಹಿಡಿದು ಕುಣಿಯುತ್ತ ಬಂದಳು. "ನೀನೇ ಹೇಳಿದ್ಯಂತೆ! ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ. ಆ ಹಾಳು ಕಂಬಿ ನನ್ನ ಉಗುರೆಲ್ಲ ತಿಂದುಹಾಕಿತ್ತು. ನಿನಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

"ಹೊಗಳಿದಾಗ ಹಲ್ಲು ಕಿರೀತಿದ್ಯಲ್ಲೇ?"

"ಮತ್ತೇನು, ಅವರ ಮುಂದೆ ಅಳಬೇಕಿತ್ತಾ?"

ಅಂದಿನಿಂದ ಇಬ್ಬರಿಗೂ ನೆಲವೇ. ಒಂದು ಮಧ್ಯಾಹ್ನ ಆಟ ಬಿಟ್ಟಾಗ ಹಿರಿಯರೊಬ್ಬರು ಕಂಬಿಯತ್ತ ತಿರುಗಿಯೂ ನೋಡದೆ, ಕಾಲ ಕೆಳಗಿನ ಬಿಳಿಗೆರೆಗಳನ್ನು ದಿಟ್ಟಿಸಿ ಕೇಳಿದರು:

"ಕನ್ನಡಿ ಥರ ಇದೆಯಲ್ಲ! ಯಾರಮ್ಮ ಒರೆಸಿದ್ದು?"

ದೊಡ್ಡವಳು ಬಾಯಿ ತೆರೆಯುವುದರೊಳಗೆ ಚಿಕ್ಕವಳು, "ನಮ್ಮಕ್ಕ" ಎಂದುಬಿಟ್ಟಳು.

ಅದನ್ನೂ ಇವಳೇ ಹೇಳಬೇಕಾಗಿತ್ತೇ ಎಂದುಕೊಂಡು ದೊಡ್ಡವಳು, ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದಳು.