ಫೈನಲ್ ಸೋತವರ ಟೀ ಶರ್ಟ್

ಕೊಲ್ಲಿ ದೇಶದ ಸಲ್ಮಾಬಾದಿನ ಲೇಬರ್ ಕ್ಯಾಂಪಿನಲ್ಲಿ ದಾನದ ಬಟ್ಟೆ ಹಂಚುತ್ತಿದ್ದಾಗ, ನನ್ನ ಜೊತೆಗಿದ್ದ ಕೆನಡಾದ ಸಹೋದ್ಯೋಗಿ ಒಂದು ಹೊಸ ಟೀ ಶರ್ಟ್ ಹಿಡಿದು ಹಾಗೇ ನಿಂತುಬಿಟ್ಟರು. ಅವರ ಊರಿನ ಫುಟ್‌ಬಾಲ್ ತಂಡದ ಹೆಸರಿನ ಕೆಳಗೆ ‘ಚಾಂಪಿಯನ್ಸ್’ ಎಂದಿತ್ತು. ಸೀಸನ್ ಪೂರ್ತಿ ಗೆದ್ದ ತಂಡ ಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತಿತ್ತಂತೆ. ಗೆದ್ದ ಕೂಡಲೇ ಮಾರಲೆಂದು ಮೊದಲೇ ಮುದ್ರಿಸಿಟ್ಟ ಅಂಗಿ ಹೀಗೆ ದಾನಕ್ಕೆ ಬಂದಿತ್ತು.

ಸಾಲಿನಲ್ಲಿದ್ದ ಪುತ್ತೂರಿನ ಬಡಗಿಯೊಬ್ಬರು ಅದಕ್ಕೆ ಕೈ ಚಾಚಿದರು. ಕಂಪನಿ ಮುಚ್ಚಿದ್ದರಿಂದ ಕೆಲಸ ಹೋಗಿ, ಮರುವಾರ ಊರಿಗೆ ಹೊರಟಿದ್ದವರು.

“ಇದ್ರಲ್ಲಿ ಎಂಥ ಬರ್ದದ್ದು ಮೇಡಂ?”

“ಗೆದ್ದವರು ಅಂತ,” ಎಂದೆ.

“ಹಾಗಾದ್ರೆ ಊರಿಗೆ ಇದನ್ನೇ ಹಾಕಿಕೊಂಡು ಹೋಗ್ತೇನೆ. ಮಗಳಿಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ತದೆ.”

ಆ ಮಾತನ್ನು ಕೆನಡಾದವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅಂಗಿಯನ್ನು ನೀಟಾಗಿ ಮಡಚಿ, ಎರಡೂ ಕೈಯಲ್ಲಿ ಕೊಟ್ಟರು. ಆ ತಂಡ ಸೋತಿತ್ತು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.