ಕುರಿಯ ಕಣ್ಣು ನೋಡುವ ಹೆಬ್ಬೆರಳು

ರಕ್ತ ಕಡಿಮೆ ಇದೆ ಎಂಬುದು ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಬಹುದಾದ ಕಾಯಿಲೆ. ಎಚ್‌ಐವಿ ಹಾಗಲ್ಲ. ಅದಕ್ಕೇ ಔರಾದ ತಾಲೂಕಿನ ನಮ್ಮ ಊರಲ್ಲಿ ಮೊದಲನೆಯದನ್ನು ಸಾರಿಕೊಂಡು, ಎರಡನೆಯದನ್ನು ಅತ್ತೆಗೂ ಹೇಳದೆ ನುಂಗಿಕೊಂಡಿದ್ದೆ. ಎರಡೂ ನಿಜವೇ ಆದ್ದರಿಂದ ಸುಳ್ಳು ಹೇಳಿದ ಪಾಪವೂ ಇರಲಿಲ್ಲ.

ಬರ ಬಿದ್ದ ವರ್ಷ ಅದು. ಗಂಡ ಹೈದರಾಬಾದಿಗೆ ದುಡಿಯಲು ಹೋಗಿದ್ದ. ಮೇವಿಲ್ಲದೆ ಕುರಿಗಳನ್ನೂ ಮಾರಿಯಾಗಿತ್ತು. ಕುರಿ ಕಾಯ್ದೇ ಮುದುಕಿಯಾದ ಅತ್ತೆಗೆ ನೋಡಿಕೊಳ್ಳಲು ಉಳಿದವಳು ನಾನೊಬ್ಬಳೇ. ಕುರಿಗೆ ರಕ್ತವಿದೆಯೋ ಇಲ್ಲವೋ ಎಂದು ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ಅವಳ ರೂಢಿ. ದಿನಾ ಬೆಳಿಗ್ಗೆ, ನಾನು ಹಲ್ಲುಜ್ಜುವ ಮೊದಲೇ, ಅವಳ ಹೆಬ್ಬೆರಳು ನನ್ನ ರೆಪ್ಪೆಗೂ ಬೀಳತೊಡಗಿತು. ಬಿಳುಪು ಕಂಡರೆ ಇಡೀ ಓಣಿಗೆ ಸುದ್ದಿ. ಶೇಂಗಾ, ಬೆಲ್ಲ, ಭಾಲ್ಕಿ ಸಂತೆಯ ನುಗ್ಗೆಸೊಪ್ಪು, ಕುರಿಯ ಯಕೃತ್ತು ಅಂದರೆ ಕಲೇಜಿ, ಎಲ್ಲ ನನ್ನ ಹೊಟ್ಟೆ ಸೇರಿದವು. ರೆಪ್ಪೆ ಮಾತ್ರ ಕೆಂಪಾಗಲಿಲ್ಲ. ಕೊನೆಗೆ ಕುರಿಗಳಿಗೆ ತಂದು ಮಿಕ್ಕಿದ್ದ ಜಂತಿನ ಔಷಧಿಯ ಬಾಟಲಿ ಹಿಡಿದುಕೊಂಡು ಬಂದಳು. ಟಗರಿಗಿಂತ ಸಣ್ಣವಳು, ಅರ್ಧ ಮುಚ್ಚಳ ಸಾಕೆಂದು ಅಳತೆಯನ್ನೂ ನಿಗದಿ ಮಾಡಿದ್ದಳು. ನಾನು ಹಿತ್ತಲ ಬಾಗಿಲಿನಿಂದ ಓಡಿ ಬೀದರ ಬಸ್ಸು ಹಿಡಿದೆ.

ಅಲ್ಲಿ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಇದು ಊಟದ ತಪ್ಪಲ್ಲ, ಎಚ್‌ಐವಿಗೆ ತಿನ್ನುವ ಗುಳಿಗೆಗಳಲ್ಲೇ ಒಂದು ರಕ್ತ ಇಳಿಸುತ್ತಿದೆ ಎಂದರು. ಅದನ್ನು ಬದಲಿಸಿ ಬೇರೆ ಕೊಟ್ಟರು. ಕೆಲವು ತಿಂಗಳಲ್ಲಿ ಏದುಸಿರು ನಿಂತಿತು, ರೆಪ್ಪೆ ಕೆಂಪೇರಿತು. ಕೀರ್ತಿಯೆಲ್ಲ ಕಲೇಜಿಗೆ ಹೋಯಿತು. ಓಣಿಯ ಹೆಂಗಸರು ಮಸಾಲೆಯ ಹದ ಕೇಳಲು ಬಂದರು. ಅತ್ತೆ ಕಾಲು ಚಾಚಿ ಕುಳಿತು ಪಾಠ ಹೇಳಿದಳು. ನನಗೆ ಹೊಟ್ಟೆಯುರಿ, ಆದರೆ ಬಾಯಿ ಬಿಡುವಂತಿಲ್ಲ.

ಮುಂದಿನ ಸಲ ಗುಳಿಗೆ ತರಲು ಬೀದರಕ್ಕೆ ಹೊರಟಾಗ ಅತ್ತೆ ನನ್ನ ಚೀಲ ಕಸಿದುಕೊಂಡಳು.

"ರಕ್ತ ತುಂಬೇದ. ಇನ್ನ ದವಾಖಾನಿ ಯಾಕ ಬೇಕು?"

ಗುಳಿಗೆ ಬಿಟ್ಟರೆ ನಾನು ಉಳಿಯುವುದಿಲ್ಲ. ಹೊಸದೊಂದು ಕಾಯಿಲೆ ಹುಡುಕಲು ತಲೆಯೂ ಓಡಲಿಲ್ಲ. ಹೊಸ್ತಿಲಲ್ಲೇ ನಿಂತು ಎಚ್‌ಐವಿ ಇದೆ ಎಂದು ಹೇಳಿಬಿಟ್ಟೆ, ನಿಮ್ಮ ಮಗನಿಗೂ ಇದೆ ಎಂದೂ ಹೇಳಿದೆ. ಆ ಹೆಬ್ಬೆರಳು ಇನ್ನು ನನ್ನ ಹತ್ತಿರ ಬರುವುದಿಲ್ಲ ಎಂದುಕೊಂಡೆ.

ಮಗ ಅಲ್ಲಿ ತಪ್ಪದೆ ಗುಳಿಗೆ ತಿನ್ನುತ್ತಾನೆಯೇ ಎಂದು ಅತ್ತೆ ಕೇಳಿದಳು. ಹೂಂ ಅಂದೆ. ಆಮೇಲೆ ಹತ್ತಿರ ಬಂದು ನನ್ನ ರೆಪ್ಪೆ ಎಳೆದಳು. ನನ್ನ ಕಣ್ಣಲ್ಲಿ ನೀರು ತುಂಬಿ ಅವಳಿಗೆ ಏನೂ ಕಾಣಲಿಲ್ಲ. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

"ಕೆಂಪ ಅದ," ಎಂದು ಚೀಲ ಕೊಟ್ಟಳು. "ನಡಿ, ಬಸ್ಸು ಹೋಗ್ತದ. ಬರೂ ಮುಂದ ಕಲೇಜಿ ತಗೊಂಡು ಬಾ. ಗುಳಿಗಿ ಅವರದಿರ್ಲಿ, ನಂದು ನಾ ಬಿಡಂಗಿಲ್ಲ."